ತಾಯಕ್ಕ ಬರುವ ಕಂತು

ಬೆಳಿಗ್ಗೆ ಎಂಟಕ್ಕೆ ಟೀವಿ ಮುಂದೆ ಕೂತ ಹೇಮಾವತಿ ಹನ್ನೆರಡಾಗುತ್ತ ಬಂದರೂ ಎದ್ದಿರಲಿಲ್ಲ. ನಡುವೆ ಒಂದೇ ಒಂದು ಸಲ, ಒಲೆಯ ಮೇಲಿಟ್ಟ ಬೇಳೆ ಹೊತ್ತಿದ ವಾಸನೆ ಬಂದಾಗ, ಅಡುಗೆಮನೆಗೆ ಓಡಿ ಗ್ಯಾಸ್ ಆರಿಸಿ ಬಂದಿದ್ದಳು. ಹೊಲಿಗೆ ಯಂತ್ರದ ಮೇಲೆ ಸಂಜೆಗೆ ಕೊಡಬೇಕಾದ ನಾಲ್ಕು ಬ್ಲೌಸುಗಳು ತೋಳಿಲ್ಲದೆ ಬಿದ್ದಿದ್ದವು. ಮಗಳನ್ನು ಸ್ಕೂಲಿಗೆ ಕಳಿಸುವಾಗ ಜಡೆ ಹಾಕಿದ್ದೂ ಟೀವಿಯ ಕಡೆ ಮುಖ ಮಾಡಿಕೊಂಡೇ.

ಅವಳು ನೋಡುತ್ತಿದ್ದ ಚಾನೆಲ್ಲಿನವರು ಅವತ್ತು ಇಡೀ ದಿನ ತಮ್ಮ ಹಳೆಯ ಧಾರಾವಾಹಿಗಳನ್ನು ಮರುಪ್ರಸಾರ ಮಾಡುತ್ತಿದ್ದರು. ‘ಮಾಧವರಾಯರ ಮಹಡಿ’ ಎಂಬ ನಗೆ ಧಾರಾವಾಹಿಯ ಎರಡು ಕಂತು, ಅದರ ಬೆನ್ನಿಗೆ ‘ಮೂರನೇ ಸುಳಿವು’ ಎಂಬ ಪತ್ತೇದಾರಿ ಧಾರಾವಾಹಿಯ ಒಂದು ಕಂತು, ಮತ್ತೆ ಮಾಧವರಾಯರು, ಮತ್ತೆ ಸುಳಿವು, ಹೀಗೆ. ಗಂಡ ಹುಲಿಗೇಶ್ ದೋಣಿಮಲೈಯ ಗಣಿಯಲ್ಲಿ ಸ್ಟಾಫ್ ಬಸ್ಸಿನ ಡ್ರೈವರ್. ಮೂರು ದಿನದ ಹಿಂದೆ ಅಲ್ಲಿಯ ಕ್ಯಾಂಟೀನಿನ ಟೀವಿಯಲ್ಲಿ ಇದರ ಜಾಹೀರಾತು ನೋಡಿ, ಊಟ ಬಿಟ್ಟು ಫೋನ್ ಮಾಡಿದ್ದ. "ಲೇ ಹೇಮಾ, ನಿಮ್ಮವ್ವನ ಸೀರಿಯಲ್ಲು ಹಾಕ್ತಾರಂತ!"

ಹೇಮಾವತಿಯ ತಾಯಿ ತಾಯಕ್ಕ ತೀರಿಕೊಂಡಾಗ ಮಗಳಿಗೆ ಮೂರೂ ತುಂಬಿರಲಿಲ್ಲ. ಜ್ವರ ಬಂದು ನಾಲ್ಕೇ ದಿನಕ್ಕೆ ಹೋದಳಂತೆ. ಆಕೆಯದೆಂದು ಮನೆಯಲ್ಲಿ ಉಳಿದದ್ದು ಒಂದು ಓಟಿನ ಕಾರ್ಡು. ಅದರ ಫೋಟೋದಲ್ಲಿ ಈಗ ಕುಂಕುಮದ ಬೊಟ್ಟು ಬಿಟ್ಟು ಏನೂ ಕಾಣುವುದಿಲ್ಲ. ಆದರೆ ಅಪ್ಪ ಜಂಬಯ್ಯ ಮಗಳಿಗೆ ಒಂದು ಮಾತು ಹೇಳುತ್ತಿದ್ದ. ಹಂಪಿ ಬಜಾರಿನಲ್ಲಿ ನಿಮ್ಮವ್ವ ಬಾಳೆಹಣ್ಣು ಮಾರುವಾಗ ‘ಮೂರನೇ ಸುಳಿವು’ ಧಾರಾವಾಹಿಯವರು ಶೂಟಿಂಗಿಗೆ ಬಂದಿದ್ದರು, ಕೊಲೆಗಾರನನ್ನು ಬೆನ್ನಟ್ಟುವ ಸೀನಿನಲ್ಲಿ ಆಕೆಯೂ ನಡೆದು ಹೋದಳು, ಟೀವಿಯಲ್ಲಿ ಬಂತು, ಊರೆಲ್ಲ ನೋಡಿತು. ಈ ಕತೆಯನ್ನು ಹೇಮಾವತಿ ಸ್ಕೂಲಿನಲ್ಲಿ ಹೇಳಿ ನಗೆಗೀಡಾಗಿದ್ದಳು. ಮದುವೆಯಾದ ಮೇಲೆ ಗಂಡನಿಗೂ ಹೇಳಿದ್ದಳು. ಮೊಬೈಲಿನಲ್ಲಿ ಎಷ್ಟೋ ಸಲ ಹುಡುಕಿದ್ದಳು. ಧಾರಾವಾಹಿಯ ಶೀರ್ಷಿಕೆ ಗೀತೆ ಸಿಕ್ಕಿತ್ತು, ಕಂತುಗಳು ಸಿಕ್ಕಿರಲಿಲ್ಲ.

ತಾಯಿಯ ಮುಖ ಗೊತ್ತಿಲ್ಲದವಳು ತಾಯಿಯನ್ನು ಗುರುತು ಹಿಡಿಯುವುದು ಹೇಗೆ? ಅದಕ್ಕೇ ನಿನ್ನೆ ಸಂಜೆ ಬುಕ್ಕಸಾಗರದಿಂದ ಅಪ್ಪನನ್ನು ಕರೆಸಿಕೊಂಡಿದ್ದಳು. ಆದರೆ ಅಪ್ಪ ಬಂದಾಗಿನಿಂದ ಒಂಥರಾ ಇದ್ದ. ರಾತ್ರಿ ಊಟ ಅರ್ಧಕ್ಕೇ ಬಿಟ್ಟ. ಈಗಲೂ ಟೀವಿಗೆ ಬೆನ್ನು ಮಾಡಿ ಹೊಸ್ತಿಲ ಬಳಿ ಕೂತು ರಸ್ತೆ ನೋಡುತ್ತಿದ್ದ. ಮಾಧವರಾಯರು ಮಹಡಿ ಮೆಟ್ಟಿಲಲ್ಲಿ ಜಾರಿ ಬಿದ್ದು ಟೀವಿಯೊಳಗಿನ ಜನ ಗೊಳ್ಳೆಂದು ನಕ್ಕಾಗ ಮಾತ್ರ ಅವನ ಹೆಗಲು ಅದುರುತ್ತಿತ್ತು.

"ಅಪ್ಪ, ಅವತ್ತು ಅವ್ವ ಯಾವ ಸೀರಿ ಉಟ್ಟಿದ್ಲು ಅಂದಿ?"

"ಹಸ್ರು."

"ಮೊದಲೆಲ್ಲ ಕೆಂಪು ಅಂತಿದ್ದೆಲ್ಲ?"

"ಕೆಂಪರ ಇರಬೇಕು. ಭಾಳ ದಿನಾತಲ್ಲವ್ವ."

ಬೆಳಗಿನಿಂದ ‘ಮೂರನೇ ಸುಳಿವು’ ಎರಡು ಕಂತು ಆಗಿಹೋಗಿದ್ದವು. ಒಂದರಲ್ಲಿ ಬ್ಯಾಂಕಿನ ಲಾಕರು, ಇನ್ನೊಂದರಲ್ಲಿ ವಿಷ ಹಾಕಿದ ಪಾಯಸ. ಹಂಪಿಯ ಸುಳಿವೇ ಇಲ್ಲ. ಅಂಥ ಕಂತೇ ಇಲ್ಲದಿದ್ದರೆ? ತಾಯಿಯಿಲ್ಲದ ಕೂಸನ್ನು ಸಮಾಧಾನ ಮಾಡಲು ಅಪ್ಪ ಕಟ್ಟಿದ ಕತೆ ಇದಾಗಿದ್ದರೆ? ಈ ಅನುಮಾನ ಅವಳಿಗೆ ಇವತ್ತು ಬಂದದ್ದಲ್ಲ, ಆದರೆ ಇವತ್ತಿನಷ್ಟು ಹತ್ತಿರ ಬಂದು ಯಾವತ್ತೂ ನಿಂತಿರಲಿಲ್ಲ.

ಅಷ್ಟರಲ್ಲಿ ಜಾಹೀರಾತಿನ ನಡುವೆ ದೊಡ್ಡ ದೊಡ್ಡ ಬಂಡೆಗಳು ಕಂಡವು. ಕಲ್ಲಿನ ಮಂಟಪಗಳ ಸಾಲು ಕಂಡಿತು. ಗಡಸು ದನಿಯೊಂದು, ‘ಮಧ್ಯಾಹ್ನ ಒಂದೂವರೆಗೆ! ಹಂಪಿಯ ಬಂಡೆಗಳ ನಡುವೆ ಅಡಗಿದ ಹಂತಕ! ಇನ್ಸ್‌ಪೆಕ್ಟರ್ ಕೇದಾರನ ಕೈಗೆ ಸಿಗುವನೇ?’ ಎಂದಿತು.

"ಅಪ್ಪ! ಐತಿ! ಒಂದೂವರಿಗಂತ!" ಹೇಮಾವತಿ ಕುಣಿದೇಬಿಟ್ಟಳು.

ಜಂಬಯ್ಯ ತಿರುಗಿ ನೋಡಿದ. "ಬ್ಯಾಡ ಬಿಡವ್ವ," ಎಂದ. "ಸತ್ತಾಕಿನ ನೋಡಿ ಏನ್ ಮಾಡ್ತಿ? ಕೆಲಸ ಐತಿ ನಿಂದು, ಹೊಲಿ."

ಅವಳು ಉತ್ತರ ಕೊಡುವ ಮೊದಲೇ ಫ್ಯಾನು ನಿಂತಿತು. ಟೀವಿ ಚುಕ್ಕೆಯಾಗಿ ಆರಿತು.

ಹೇಮಾವತಿ ಅಂಗಳಕ್ಕೆ ಓಡಿದಳು. ಓಣಿಯ ತುದಿಯಲ್ಲಿ ಕಂಬಕ್ಕೆ ಏಣಿ ಹಾಕಿ ಲೈನಿನವರು ಹತ್ತಿದ್ದರು. ಸಂಜೆ ಐದರತನಕ ಕರೆಂಟಿಲ್ಲ, ನಿನ್ನೆಯೇ ಮೆಸೇಜು ಬಂದಿತ್ತಲ್ಲ ಅಂದರು. ಬ್ಲೌಸಿನ ಗಡಿಬಿಡಿಯಲ್ಲಿ ಆ ಮೆಸೇಜನ್ನು ಅವಳು ಓದಿಯೇ ಇರಲಿಲ್ಲ.

ಎದುರು ಮನೆಯ ಕೊಟ್ರಬಸಮ್ಮನ ಬಳಿ ಇನ್ವರ್ಟರ್ ಇತ್ತು. ಹೋಗಿ ಕೇಳಿದಾಗ ಆಕೆ, "ಬಾರವ್ವ, ಕುಂದ್ರು, ಹಾಕೋಣಂತ," ಎಂದು ಖುಷಿಯಿಂದಲೇ ರಿಮೋಟು ಕೊಟ್ಟಳು. ಆಕೆಯದು ಕೇಬಲ್ ಅಲ್ಲ, ಡಿಶ್ಶು. ಹೇಮಾವತಿ ಒಂದೊಂದೇ ನಂಬರು ಒತ್ತುತ್ತ ಹೋದಳು. ಅಡುಗೆ, ಭಕ್ತಿ, ತೆಲುಗು, ಕ್ರಿಕೆಟ್ಟು. ಆ ಚಾನೆಲ್ ಇರಲೇ ಇಲ್ಲ. ಕೊಟ್ರಬಸಮ್ಮ ತಾನೂ ಕಣ್ಣು ಕಿರಿದು ಮಾಡಿ ಹುಡುಕಿದಳು, ಡಿಶ್ಶಿನವನಿಗೆ ಫೋನೂ ಮಾಡಿದಳು, ಅವನು ಎತ್ತಲಿಲ್ಲ. ಅರ್ಧ ಗಂಟೆ ಅಲ್ಲೇ ಹೋಯಿತು.

ವಾಪಸ್ ಬಂದರೆ ಹೊಸ್ತಿಲ ಬಳಿ ಅಪ್ಪ ಇರಲಿಲ್ಲ. ಮೊಳೆಗೆ ತೂಗುಹಾಕಿದ್ದ ಅವನ ಚೀಲವೂ ಇರಲಿಲ್ಲ.

"ನಿಮ್ಮಪ್ಪ ಬಸ್‌ಸ್ಟ್ಯಾಂಡ್ ಕಡೆ ಹೋದ್ರಲ್ಲ," ಎಂದ ಕಂಬದ ಮೇಲಿದ್ದವನು. "ಜಲ್ದಿ ಜಲ್ದಿ ನಡಕೊಂತ ಹೋದ್ರು."

ಹೇಮಾವತಿ ಬಾಗಿಲಿಗೆ ಬೀಗ ಜಡಿದು, ಮಗಳು ಸ್ಕೂಲಿನಿಂದ ಬಂದರೆ ನೋಡಿಕೋ ಎಂದು ಕೊಟ್ರಬಸಮ್ಮನಿಗೆ ಕೂಗಿ ಹೇಳಿ, ಸಿಕ್ಕ ಆಟೋ ಹತ್ತಿದಳು. ಕಾಲುವೆ ದಾಟುವಲ್ಲಿ ಕಬ್ಬಿನ ಟ್ರ್ಯಾಕ್ಟರು ಅಡ್ಡ ಸಿಕ್ಕಿಕೊಂಡಿತ್ತು. ಅವಳು ಮೊಬೈಲು ತೆಗೆದು ನೋಡಿದಳು, ಹನ್ನೆರಡೂ ಮುಕ್ಕಾಲು. ಮತ್ತೆ ನೋಡಿದಳು, ಹನ್ನೆರಡೂ ಮುಕ್ಕಾಲೇ. ಅಪ್ಪ ಸುಳ್ಳು ಹೇಳಿದ್ದಾನೆ, ಅದು ಬಯಲಾಗುತ್ತದೆಂದು ಓಡಿಹೋಗುತ್ತಿದ್ದಾನೆ. ಬೇರೇನಿರಲು ಸಾಧ್ಯ?

ಬುಕ್ಕಸಾಗರದ ಮೇಲೆ ಹೋಗುವ ಕಂಪ್ಲಿ ಬಸ್ಸು ಹೊರಡುವುದರಲ್ಲಿತ್ತು. ಜಂಬಯ್ಯ ಕಿಟಕಿಯ ಪಕ್ಕ ಚೀಲ ಅಪ್ಪಿಕೊಂಡು ಕೂತಿದ್ದ. ಮಗಳು ಹತ್ತಿ ಬಂದು ಪಕ್ಕದಲ್ಲಿ ಕೂತರೂ ತಲೆ ಎತ್ತಲಿಲ್ಲ.

"ಅವ್ವ ಟೀವಿಯಾಗ ಬಂದಿದ್ಲೋ ಇಲ್ಲೋ? ಅಷ್ಟು ಹೇಳು ಸಾಕು," ಎಂದಳು ಹೇಮಾವತಿ.

"ಬಂದಿದ್ಲು."

"ಮತ್ಯಾಕ ಓಡಿ ಹೊಂಟಿ?"

"ನಾ ನೋಡಿಲ್ಲವ್ವ," ಎಂದ ಜಂಬಯ್ಯ. ಅವನ ದನಿ ಎಂಜಿನ್ನಿನ ಸದ್ದಿನಲ್ಲಿ ಅರ್ಧಂಬರ್ಧ ಕೇಳುತ್ತಿತ್ತು. "ಒಂದ್ ಸಲಾನೂ ನೋಡಿಲ್ಲ. ಅಕೀನೂ ನೋಡ್ಲಿಲ್ಲ. ನಾನ ಬಿಡ್ಲಿಲ್ಲ."

ಹೇಮಾವತಿಗೆ ಅರ್ಥವಾಗಲಿಲ್ಲ. ಅಪ್ಪ ಚೀಲದ ದಾರವನ್ನು ಬೆರಳಿಗೆ ಸುತ್ತುತ್ತ, ಬಿಡಿಸುತ್ತ ಹೇಳಿದ. ಶೂಟಿಂಗಿನ ದಿನ ತಾನು ಸೈಕಲ್ಲಿನ ಮೇಲೆ ಬಾಳೆಗೊನೆ ಹೇರಿಕೊಂಡು ಬಜಾರಿಗೆ ಹೋಗಿದ್ದನಂತೆ. ತಾಯಕ್ಕ ಕ್ಯಾಮರಾದ ಕಡೆ ನೋಡಿ ನಕ್ಕಳು. ಅವತ್ತು ಅವನಿಗೇನೂ ಅನಿಸಲಿಲ್ಲ. ಆದರೆ ಊರಿಗೆ ಬಂದ ಮೇಲೆ ಚಹಾದಂಗಡಿಯಲ್ಲಿ ಗೆಳೆಯರು, "ಏನಲೇ ಜಂಬ, ನಿನ್ ಹೇಣ್ತಿ ಕ್ಯಾಮರಾದಂವನ ಕೂಡ ಭಾರಿ ನಗ್ತಿದ್ಲಂತ," ಎಂದು ಕಾಡಿಸಿದರು. ದಿನವೂ ಅದೇ ಮಾತು. ಕೇಳಿ ಕೇಳಿ ಅವನ ತಲೆಯಲ್ಲೂ ಆ ನಗು ಹಾಗೇ ಕೂತುಬಿಟ್ಟಿತು. ತಾನೇ ಕಣ್ಣಾರೆ ನೋಡಿದ ನಗು, ಯಾರದೋ ಮಾತಿಗೆ ಬೇರೆಯಾಯಿತು.

ಧಾರಾವಾಹಿ ಬರುವ ಸಂಜೆ ಊರಿನವರೆಲ್ಲ ಸಾಹುಕಾರರ ಮನೆಗೆ ಹೊರಟರು. ಬಣ್ಣದ ಟೀವಿ ಇದ್ದದ್ದು ಅಲ್ಲಿ ಮಾತ್ರ. ತಾಯಕ್ಕ ತಲೆಗೆ ನೀರು ಹಾಕಿಕೊಂಡು, ಕೂಸಿಗೆ ಹೊಸ ಅಂಗಿ ತೊಡಿಸಿ ತಯಾರಾದಳು. "ಊರ ಮಂದಿ ಮುಂದ ನಿನ್ನ ಹಲ್ಲು ತೋರ್ಸಿದ್ದು ಸಾಲ್ದೇನು?" ಎಂದು ಜಂಬಯ್ಯ ಅವಳನ್ನು ಒಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿ ಕಟ್ಟೆಯ ಮೇಲೆ ಕೂತ. ಧಾರಾವಾಹಿ ಮುಗಿದು ಜನ ತಿರುಗಿ ಬರುವಾಗ, ತಾಯಕ್ಕ ಕಿಟಕಿಯಲ್ಲಿ ಮುಖವಿಟ್ಟು ಹೋಗುವ ಬರುವ ಹೆಂಗಸರನ್ನು, "ಹೆಂಗ್ ಕಂಡೆ ನಾ? ಹೆಂಗ್ ಕಂಡೆ?" ಎಂದು ಕೇಳುತ್ತಿದ್ದಳು. ಅದೇ ವರ್ಷ ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು.

"ನೀ ಸಣ್ಣಾಕಿ ಇದ್ದಾಗ ಅವ್ವ ಹೆಂಗಿದ್ಲು ಅಂತ ಕೇಳ್ತಿದ್ದಿ," ಎಂದ. "ಟೀವಿಯಾಗ ನೋಡಿದಾಂವ್ನಂಗ ಹೇಳ್ಕೊಂತ ಬಂದೆ. ಸೀರಿ ಬಣ್ಣ ಕೇಳ್ತಿದ್ದಿ, ನೆನಪಿರ್ಲಿಲ್ಲ, ಬಾಯಿಗಿ ಬಂದಿದ್ದು ಹೇಳ್ತಿದ್ದೆ."

ಕಂಡಕ್ಟರ್ ಸೀಟಿ ಊದಿದ. ಹೇಮಾವತಿಗೆ ಅಪ್ಪನ ಮುಖ ನೋಡಬೇಕೆನಿಸಲಿಲ್ಲ. ಎದ್ದು ಇಳಿದುಹೋಗಿಬಿಡಬೇಕು, ಈ ಮುದುಕ ಒಬ್ಬನೇ ಊರಿಗೆ ಹೋಗಲಿ ಎನಿಸಿತು. ಎದ್ದೂ ಎದ್ದಳು. ಎರಡು ಹೆಜ್ಜೆ ಹೋಗಿ ನಿಂತಳು. ಇಷ್ಟೆಲ್ಲ ಕೇಳಿದ ಮೇಲೂ ಒಂದು ಮಾತು ಹಾಗೇ ಉಳಿದಿತ್ತು: ಆ ಮುಖವನ್ನು ಈಗ ತೋರಿಸಬಲ್ಲವನು ಇವನೊಬ್ಬನೇ.

"ಇಳಿ," ಎಂದಳು.

"ಹೇಮಾ..."

"ಇಳಿ ಅಪ್ಪ. ನನಗ ಅವ್ವನ ಗುರ್ತು ಇಲ್ಲ. ನೀ ತೋರ್ಸಬೇಕು. ಆಮ್ಯಾಲ ಎಲ್ಲಿ ಬೇಕಾದ್ರೂ ಹೋಗು."

ಅವರು ಇಳಿದಾಗ ಒಂದು ಗಂಟೆ ಹತ್ತು ನಿಮಿಷ. ಇಪ್ಪತ್ತು ನಿಮಿಷದಲ್ಲಿ ಟೀವಿ ಎಲ್ಲಿ ಸಿಗಬೇಕು? ಬಸ್‌ಸ್ಟ್ಯಾಂಡಿನ ಖಾನಾವಳಿಯಲ್ಲಿ ಕ್ರಿಕೆಟ್ಟು ಹಚ್ಚಿಕೊಂಡು ಜನ ಕಿಕ್ಕಿರಿದಿದ್ದರು; ಚಾನೆಲ್ ಬದಲಿಸಿ ಎಂದರೆ ಹೊಡೆಯಲು ಬಂದಾರು. ಮಲಪನಗುಡಿಯಲ್ಲಿ ಸೋದರತ್ತೆಯ ಮನೆಯಿತ್ತು, ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಕಂತು ಅರ್ಧವಾಗಿರುತ್ತದೆ. ಆಗ ಅವಳಿಗೆ ಕೇಬಲ್ಲಿನ ಮೌನೇಶ್ ನೆನಪಾದ. ಅವಳ ಓಣಿಗೆಲ್ಲ ಕೇಬಲ್ ಕೊಟ್ಟಿದ್ದವನು ಅವನೇ. ಅವನ ಆಫೀಸು ಎರಡು ಓಣಿ ಆಚೆ, ಒಂದು ಬಟ್ಟೆ ಅಂಗಡಿಯ ಮೇಲೆ. ಹೇಮಾವತಿ ಅಪ್ಪನ ರಟ್ಟೆ ಹಿಡಿದು ನಡೆಸಿಕೊಂಡು ಹೋದಳು, ಅರ್ಧ ಓಡಿಸಿಕೊಂಡೇ ಹೋದಳು.

ಮೌನೇಶ್ ಊಟಕ್ಕೆಂದು ಶಟರ್ ಎಳೆಯುತ್ತಿದ್ದ. "ಕಂಪ್ಲೇಂಟ್ ಇದ್ರ ನಾಳೆ ಬರ್ರಿ ಅಕ್ಕಾ," ಎಂದವನು ಅವಳ ಮುಖ ನೋಡಿ ಕೈ ನಿಲ್ಲಿಸಿದ. ಹೇಮಾವತಿ ಏದುಸಿರಿನಲ್ಲೇ ಹೇಳಿದಳು. ಮಾತು ಪೂರ್ತಿಯಾಗುವ ಮೊದಲು ಅಳು ಬಂದುಬಿಟ್ಟಿತು. ಅವನು ಶಟರನ್ನು ಮತ್ತೆ ಮೇಲಕ್ಕೆ ತಳ್ಳಿದ.

ಒಳಗೆ ಗೋಡೆಯುದ್ದಕ್ಕೂ ಪೆಟ್ಟಿಗೆಗಳು, ಅವುಗಳ ಹಸಿರು ದೀಪಗಳು, ಬಿಸಿ ಗಾಳಿ. ಮೂಲೆಯಲ್ಲಿ ಒಂದು ಚಿಕ್ಕ ಟೀವಿ. ಅದರಲ್ಲಿ ಮಾಧವರಾಯರು ಬಾಡಿಗೆದಾರನ ಕೋಳಿಯನ್ನು ಹಿಡಿಯಲು ಹೋಗಿ ತೊಟ್ಟಿಗೆ ಬಿದ್ದಿದ್ದರು. ನಗುವಿನ ಮೇಲೆ ನಗು. ಅಪ್ಪ ಮಗಳು ಒಂದೇ ಬೆಂಚಿನ ಮೇಲೆ, ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟು ಕೂತರು. ಹೇಮಾವತಿ ವಿಡಿಯೋ ತೆಗೆಯಲೆಂದು ಮೊಬೈಲನ್ನು ಹಿಡಿದುಕೊಂಡಳು.

ಒಂದೂವರೆ ದಾಟಿ ಆರು ನಿಮಿಷಕ್ಕೆ ಕಂತು ಶುರುವಾಯಿತು. ಬೆಂಗಳೂರಿನಲ್ಲಿ ಒಂದು ಕೊಲೆ. ಗೀರಿನ ಅಂಗಿಯ ಕೊಲೆಗಾರ ರೈಲು ಹತ್ತಿದ. ಇನ್ಸ್‌ಪೆಕ್ಟರ್ ಕೇದಾರ ಟೋಪಿ ಸರಿಮಾಡಿಕೊಂಡು ಬಹಳ ಹೊತ್ತು ಯೋಚಿಸಿದ. ಹಾಳಾದವನು ಎಷ್ಟು ಯೋಚಿಸುತ್ತಾನೆ ಎಂದು ಹೇಮಾವತಿಗೆ ಸಿಟ್ಟು ಬಂತು. ಜಾಹೀರಾತು. ಸೋಪು, ಟೂತ್‌ಪೇಸ್ಟು, ಮತ್ತೆ ಸೋಪು. ಚಿತ್ರ ಒಮ್ಮೆ ಪಟಪಟ ಹೊಡೆದುಕೊಂಡಾಗ ಅವಳ ಬಾಯಿಂದ ಸಣ್ಣ ಚೀರು ಹೊರಟಿತು. ಮೌನೇಶ್ ಹಿಂದೆ ಹೋಗಿ ಯಾವುದೋ ವೈರು ಒತ್ತಿ ಸರಿಮಾಡಿದ.

ಆಮೇಲೆ ಹಂಪಿ ಬಂತು. ಬಜಾರು ಬಂತು. ಮಂಟಪಗಳಲ್ಲಿ ಅಂಗಡಿಗಳು, ಹೂವಿನವರು, ಕಾಯಿಯವರು. ಗೀರಿನ ಅಂಗಿಯವನು ಜನರ ನಡುವೆ ನುಸುಳಿ ಓಡಿದ. ಬಾಳೆಹಣ್ಣಿನ ಬುಟ್ಟಿಯ ಮುಂದೆ ಕೂತ ದಪ್ಪ ಹೆಂಗಸೊಬ್ಬಳು ಕೂಗಿಕೊಂಡು ಎದ್ದಳು.

"ಇಕೀನಾ? ಅಪ್ಪ, ಇಕೀನಾ?"

ಜಂಬಯ್ಯ ಕನ್ನಡಕ ಒತ್ತಿ ಹಿಡಿದು ಎದ್ದು ನಿಂತಿದ್ದ. ಒಮ್ಮೆಲೇ ಅವನ ಬೆರಳು ಮುಂದೆ ಬಂತು. "ಅಕಿ! ಬಲಕ್ಕ, ಬಲಕ್ಕ ನೋಡು! ನಮ್ ತಾಯಕ್ಕ!"

ಹೇಮಾವತಿ ಹೆಂಗಸನ್ನು ಹುಡುಕುತ್ತಿದ್ದಳು. ಅಲ್ಲಿದ್ದದ್ದು ಒಬ್ಬ ಹುಡುಗಿ. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು, ತನಗಿಂತ ಎಷ್ಟೋ ಚಿಕ್ಕವಳು. ಸೀರೆ ಕೆಂಪೂ ಅಲ್ಲ, ಹಸಿರೂ ಅಲ್ಲ, ಅರಿಶಿನದ ಬಣ್ಣದ್ದು. ತಲೆಯ ಮೇಲೆ ಬುಟ್ಟಿ, ಸೊಂಟದ ಮೇಲೆ ಕೂಸು. ಕಂಬದ ಮರೆಯಿಂದ ಬಂದಳು, ನಿಂತಳು, ಇತ್ತ ತಿರುಗಿ ನಕ್ಕಳು, ಕೂಸನ್ನು ಸೊಂಟದ ಮೇಲೆ ಎತ್ತಿ ಸರಿಮಾಡಿಕೊಂಡು ದಾಟಿಹೋದಳು. ಅಷ್ಟೇ. ಇನ್ಸ್‌ಪೆಕ್ಟರ್ ಕೇದಾರ ಅಡ್ಡ ಬಂದ.

ಹೇಮಾವತಿ ಮೊಬೈಲು ನೋಡಿದಳು. ಅದನ್ನು ಕೈಯಲ್ಲಿ ಹಿಡಿದದ್ದಷ್ಟೇ, ಒತ್ತಬೇಕಾದ್ದನ್ನು ಒತ್ತಿರಲೇ ಇಲ್ಲ.

"ಹೋತು..." ಎಂದಳು. "ಹೋತಲ್ಲಪ್ಪ..."

"ಎಲ್ಲೂ ಹೋಗಿಲ್ಲ ಅಕ್ಕಾ," ಎಂದ ಮೌನೇಶ್. "ನೀವು ಅತ್ಕೊಂತ ಬಂದ್ರಲ್ಲ, ನಾ ಆಗ್ಲೇ ರೆಕಾರ್ಡಿಂಗ್ ಹಾಕೀನಿ. ಪೂರ್ತಿ ಮುಗೀಲಿ, ತೋರಿಸ್ತೀನಿ."

ಹಂತಕ ಮಾತಂಗ ಬೆಟ್ಟದ ಮೆಟ್ಟಿಲಲ್ಲಿ ಸಿಕ್ಕಿಬಿದ್ದ ಮೇಲೆ ಮೌನೇಶ್ ಹಿಂದಕ್ಕೆ ಓಡಿಸಿ ಅದೇ ಜಾಗಕ್ಕೆ ತಂದ. ಹುಡುಗಿ ಬಂದಳು, ನಿಂತಳು, ನಕ್ಕಳು, ಹೋದಳು. ಮತ್ತೊಮ್ಮೆ ಹಾಕಿದ. ನಡೆಯುವಾಗ ಎಡಗಾಲು ತುಸು ಹೊರಕ್ಕೆ ಬೀಳುತ್ತಿತ್ತು. ಹೇಮಾವತಿಯ ಮಗಳೂ ಹಾಗೇ ನಡೆಯುತ್ತಾಳೆ. ಕಾಲಿಗೇನೋ ತೊಂದರೆಯೆಂದು ಡಾಕ್ಟರಿಗೆ ತೋರಿಸಿದ್ದೂ ಆಗಿತ್ತು.

ನಾಲ್ಕನೇ ಸಲ ಮೌನೇಶ್ ಚಿತ್ರವನ್ನು ಅಲ್ಲೇ ನಿಲ್ಲಿಸಿದ. "ಈ ಕೂಸು ನೀವಾ ಅಕ್ಕಾ? ಎರಡೂ ಕೈ ಚಾಚಿ ಯಾರನ್ನೋ ಕರಿಯಾಕತ್ತೇತಿ ನೋಡ್ರಿ."

ಹೌದು. ಕೂಸು ಕ್ಯಾಮರಾದ ಕಡೆಗಲ್ಲ, ಅದರ ಪಕ್ಕಕ್ಕೆ, ತೆರೆಯ ಎಡ ಅಂಚಿನ ಆಚೆಗೆ ಕೈ ಚಾಚಿ ಮುಂದಕ್ಕೆ ವಾಲಿತ್ತು. ತಾಯಕ್ಕನ ಕಣ್ಣೂ ಅಲ್ಲೇ ಇತ್ತು. ಚಿತ್ರ ಓಡುವಾಗ ಅದು ತಿಳಿಯುತ್ತಿರಲಿಲ್ಲ, ನಿಂತಾಗ ಸ್ಪಷ್ಟವಾಗಿತ್ತು.

ಜಂಬಯ್ಯ ಟೀವಿಯ ಹತ್ತಿರ ಹೋದ. ತೆರೆಗೂ ಮುಖಕ್ಕೂ ಗೇಣಷ್ಟೇ ಅಂತರ.

"ಅಲ್ಲಿ ನಾ ನಿಂತಿದ್ದೆ," ಎಂದ. "ಸೈಕಲ್ ಹಿಡಕೊಂಡು ನಿಂತಿದ್ದೆ. ಕ್ಯಾಮರಾದ ಬಾಜೂಕ." ಮತ್ತೆ ಅದನ್ನೇ ಹೇಳಿದ. ಆಮೇಲೆ ಪೆಟ್ಟಿಗೆಗಳ ಬಿಸಿ ಗಾಳಿಯಲ್ಲಿ ಗೋಡೆ ಹಿಡಿದು ನೆಲಕ್ಕೆ ಕುಸಿದು ಕೂತ. ಅರವತ್ತು ದಾಟಿದ ಮನುಷ್ಯ ಅಳುವುದನ್ನು ನೋಡಲಾರದೆ ಮೌನೇಶ್ ನೀರು ತರುವ ನೆಪದಲ್ಲಿ ಹೊರಗೆ ಹೋದ.

ಹೇಮಾವತಿ ಅಪ್ಪನನ್ನು ಸಮಾಧಾನ ಮಾಡಲಿಲ್ಲ. ಅವಳಿಂದ ಆಗಲಿಲ್ಲ. ಕಿಟಕಿಯಲ್ಲಿ ಮುಖವಿಟ್ಟು ‘ಹೆಂಗ್ ಕಂಡೆ’ ಎಂದು ಕೇಳುತ್ತಿದ್ದ ಆ ಹುಡುಗಿ ಈಗ ಅವಳ ಕಣ್ಣಿಗೆ ಕಟ್ಟಿದ್ದಳು. ಅದೇ ಅರಿಶಿನದ ಸೀರೆಯಲ್ಲಿ. ಅವಳಿಗೆ ಅಪ್ಪನ ಮೇಲೆ ಸಿಟ್ಟೂ ಇತ್ತು, ಅವನು ಹಾಗೆ ಬಿಕ್ಕುವುದನ್ನು ಕೇಳಿ ಸಂಕಟವೂ ಆಗುತ್ತಿತ್ತು.

ಮೌನೇಶ್ ಆ ಕಂತನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟ. ಅವನ ಊಟದ ಹೊತ್ತು ಮೀರಿಹೋಗಿತ್ತು. ಕೆಳಗಿಳಿದು ರಸ್ತೆಗೆ ಬಂದ ಮೇಲೆ ಜಂಬಯ್ಯ ನಿಂತ.

"ಹೇಮಾ, ಅದನ್ನ ನನಗ ಕೊಡ್ತಿ?" ಎಂದ. "ಊರಾಗ ಸಾಹುಕಾರರ ಮನ್ಯಾಗ ಈಗ ದೊಡ್ಡ ಟೀವಿ ಐತಿ. ಚಹಾದಂಗಡ್ಯಾಗ ನಗ್ತಿದ್ದ ಮಂದಿ ಇಬ್ರು ಇನ್ನಾ ಅದಾರ. ಅಕಿ ಗೆಳತ್ಯಾರೂ ಅದಾರ. ಎಲ್ಲಾರ್ನ ನಾನ ಹೋಗಿ ಕರಿತೀನಿ. ಚಿಲಕ ಹಾಕಿದ್ದೂ ಹೇಳ್ತೀನಿ."

ಹೇಮಾವತಿ ಪೆನ್‌ಡ್ರೈವನ್ನು ಸೆರಗಿನ ತುದಿಗೆ ಕಟ್ಟಿ ಗಂಟು ಹಾಕಿದಳು. "ನಿನ್ ಕೈಯಾಗ ಕೊಡಂಗಿಲ್ಲ," ಎಂದಳು. "ನಾನೂ ಬರ್ತೀನಿ."

ಮೂರೂವರೆಯ ಕಂಪ್ಲಿ ಬಸ್ಸಿನಲ್ಲಿ ಕೂತು ಕೊಟ್ರಬಸಮ್ಮನಿಗೂ ಗಂಡನಿಗೂ ಫೋನ್ ಮಾಡಿದಳು. ಬ್ಲೌಸಿನವರಿಗೆ ನಾಳೆ ಕೊಡುತ್ತೇನೆಂದಳು. ಅವರು ಬೈದರು, ಬೈಸಿಕೊಂಡಳು. ಬಸ್ಸು ಕಮಲಾಪುರ ದಾಟಿತು.

"ಬಾಗ್ಲಾ ತಗದ ಮ್ಯಾಲ ಅವ್ವ ಏನಂದ್ಲು?" ಎಂದು ಅವಳು ಕೇಳಿದಳು.

"ಏನೂ ಅನ್ಲಿಲ್ಲ," ಎಂದ ಜಂಬಯ್ಯ. "ಉಣ್ಣಾಕ ಹಾಕಿದ್ಲು."

ಹೇಮಾವತಿ ಕಿಟಕಿಯ ಆಚೆ ಬಾಳೆತೋಟಗಳನ್ನು ನೋಡುತ್ತ ಕೂತಳು. ಕೈ ಮಾತ್ರ ಸೆರಗಿನ ಗಂಟನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು. ಅಪ್ಪ ಜನರ ಮುಂದೆ ನಿಂತು ನಿಜವಾಗಿಯೂ ಬಾಯಿ ಬಿಡುತ್ತಾನೋ, ಇಲ್ಲ ಹೊಸ್ತಿಲಲ್ಲೇ ನಿಂತುಬಿಡುತ್ತಾನೋ ಎಂಬ ಅಂಜಿಕೆ ಅವಳನ್ನು ಬಿಟ್ಟಿರಲಿಲ್ಲ. ಜಂಬಯ್ಯ ಬುಕ್ಕಸಾಗರ ಇನ್ನೂ ದೂರ ಇರುವಾಗಲೇ ಎದ್ದು, ಚೀಲ ಹೆಗಲಿಗೇರಿಸಿ, ಬಾಗಿಲ ಬಳಿ ಕಂಬಿ ಹಿಡಿದು ನಿಂತುಕೊಂಡ.